ಮಗಳ ಓದಿಗೆ 11 ಇಂಚಿನ ಅಗ್ಗದ ಲ್ಯಾಪ್‌ಟಾಪ್ ಒಂದೇ ಸಾಕಾದೀತೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವವರು. ಮಗಳು ಮಾಟುಂಗದ ಕಾಲೇಜಿನಲ್ಲಿ ಬಿ.ಕಾಂ. ಮೊದಲ ವರ್ಷಕ್ಕೆ ಸೇರಿದ್ದಾಳೆ. ದಿನವೂ ಲೋಕಲ್ ಗಾಡಿಯಲ್ಲಿ ಹೋಗಿಬರಬೇಕಾದ್ದರಿಂದ ಚೀಲದಲ್ಲಿ ಸುಲಭವಾಗಿ ಹಿಡಿಸುವ 11 ಇಂಚಿನ ಲ್ಯಾಪ್‌ಟಾಪ್ ಒಂದನ್ನು ಅಂಗಡಿಯವರು ತೋರಿಸಿದರು. ಬೆಲೆಯೂ ಕೈಗೆಟಕುವಂತಿದೆ. ನಮ್ಮ ಮಿತಿ 30,000 ರೂಪಾಯಿ, ಮನೆಯಲ್ಲಿ ಬೇರೆ ಕಂಪ್ಯೂಟರ್ ಇಲ್ಲ. ಡಿಗ್ರಿ ಮುಗಿಯುವವರೆಗೆ ಇದೊಂದೇ ಸಾಕಾಗುವುದೇ?

ಉತ್ತರ: ಚಿಕ್ಕ ಲ್ಯಾಪ್‌ಟಾಪ್ ಬೇಕೆಂಬ ನಿಮ್ಮ ಯೋಚನೆಯಲ್ಲಿ ತಪ್ಪೇನೂ ಇಲ್ಲ. ಬೆಳಗಿನ ನೂಕುನುಗ್ಗಲಿನಲ್ಲಿ ಡೊಂಬಿವಲಿಯಿಂದ ಗಾಡಿ ಹತ್ತುವ ಹುಡುಗಿಯ ಬೆನ್ನಿಗೆ ಎರಡು ಕಿಲೋ ತೂಕದ ಯಂತ್ರವನ್ನು ಹೊರಿಸಲು ಯಾವ ತಂದೆತಾಯಿಗೂ ಮನಸ್ಸಾಗದು. ಆದರೆ 11.6 ಇಂಚಿನ ಅಗ್ಗದ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ತೆರೆದಿರುವ ಕೆಲಸಗಳನ್ನು ತಾತ್ಕಾಲಿಕವಾಗಿ ಹಿಡಿದಿಡುವ 4 ಜಿಬಿ ರ‍್ಯಾಮ್, ಕಡತಗಳನ್ನು ಉಳಿಸಿಡಲು 64 ಅಥವಾ 128 ಜಿಬಿಯ ಇಎಂಎಂಸಿ ಎಂಬ ಬಗೆಯ ಸಂಗ್ರಹ ಮತ್ತು ಎರಡೇ ಕೋರ್‌ಗಳ (ಕೆಲಸ ನಡೆಸುವ ಘಟಕಗಳ) ಸೆಲೆರಾನ್ ಪ್ರೊಸೆಸರ್‌ನೊಂದಿಗೆ ಬರುತ್ತವೆ. ಈ ಮೂರನ್ನೂ ಸಾಮಾನ್ಯವಾಗಿ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುವುದರಿಂದ ಮುಂದೆ ಎಷ್ಟು ಹಣ ಕೊಡಲು ಸಿದ್ಧರಿದ್ದರೂ ಬದಲಾಯಿಸಲು ಬರುವುದಿಲ್ಲ. ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದು, ಇದನ್ನು ತರಗತಿಯಲ್ಲಿ ಟಿಪ್ಪಣಿ ಬರೆದುಕೊಳ್ಳಲಷ್ಟೇ ಒಯ್ಯುವುದಾದರೆ ಆ ಮಾತು ಬೇರೆ. ಇದೊಂದೇ ಆಧಾರ ಎಂದಾದರೆ ಅದು ಸಾಲದು ಎಂದೇ ನಾನು ಹೇಳುತ್ತೇನೆ. ಲ್ಯಾಪ್‌ಟಾಪಿನಲ್ಲಿ ಯಾವುದನ್ನು ನಂತರ ಬದಲಾಯಿಸಬಹುದು, ಯಾವುದನ್ನು ಎಂದಿಗೂ ಬದಲಾಯಿಸಲಾಗದು ಎಂಬುದನ್ನು ಮೊದಲೇ ಬೇರ್ಪಡಿಸಿ ನೋಡಿದರೆ, ಇದೇ ಹಣದಲ್ಲಿ ಇದಕ್ಕಿಂತ ಒಳ್ಳೆಯ ಆಯ್ಕೆಗಳು ಕಾಣಿಸುತ್ತವೆ.

ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ನಿಗದಿಪಡಿಸಿರುವ ಕನಿಷ್ಠ ಅಗತ್ಯವೇ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹ. ಎಂದರೆ 4 ಜಿಬಿ, 64 ಜಿಬಿಯ ಯಂತ್ರವು ಪೆಟ್ಟಿಗೆಯಿಂದ ಹೊರಬಂದ ದಿನವೇ ಕನಿಷ್ಠ ಮಟ್ಟದಲ್ಲಿದೆ, ಡಿಗ್ರಿಯ ಮೂರು ವರ್ಷ, ಆನರ್ಸ್ ಮುಂದುವರಿಸಿದರೆ ನಾಲ್ಕು ವರ್ಷ, ಅದೇ ಮಟ್ಟದಲ್ಲಿ ಉಳಿಯಬೇಕಾಗುತ್ತದೆ. ಬ್ರೌಸರ್‌ನಲ್ಲಿ ಕಾಲೇಜಿನ ಪೋರ್ಟಲ್, ಒಂದು ಪಿಡಿಎಫ್, ಒಂದು ವಿಡಿಯೋ ಪಾಠ, ಪಕ್ಕದಲ್ಲಿ ಎಕ್ಸೆಲ್, ಇಷ್ಟನ್ನು ತೆರೆದರೆ 4 ಜಿಬಿ ತುಂಬಿಹೋಗುತ್ತದೆ. ಪರದೆಯ ಚಿತ್ರ ಮೂಡಿಸುವ ಗ್ರಾಫಿಕ್ಸ್ ಕೂಡ ಇದರಲ್ಲೇ ತನ್ನ ಪಾಲನ್ನು ಪಡೆಯುತ್ತದೆ. ರ‍್ಯಾಮ್ ತುಂಬಿದಾಗ ವಿಂಡೋಸ್, ಆ ಕ್ಷಣಕ್ಕೆ ಬೇಡವಾದ ಭಾಗವನ್ನು ಸಂಗ್ರಹದಲ್ಲಿ ಬರೆದಿಟ್ಟು, ಬೇಕಾದಾಗ ಮತ್ತೆ ಓದಿಕೊಳ್ಳುತ್ತದೆ. ಸಂಗ್ರಹ ವೇಗದ್ದಾಗಿದ್ದರೆ ಈ ಓಡಾಟ ಅಷ್ಟಾಗಿ ಗಮನಕ್ಕೆ ಬಾರದು. ಇಎಂಎಂಸಿ ಎಂಬುದು ಮೂಲತಃ ಫೋನು, ಟ್ಯಾಬ್ಲೆಟ್‌ಗಳಿಗಾಗಿ ಬೆಳೆದ ಸಂಗ್ರಹ. ಅದರ 5.1ನೇ ಆವೃತ್ತಿಯ ತಾತ್ವಿಕ ಗರಿಷ್ಠ ವೇಗ ಸೆಕೆಂಡಿಗೆ 400 ಎಂಬಿ. ಕಂಪ್ಯೂಟರ್‌ಗಳ ವೇಗದ ಸಂಗ್ರಹವಾದ ಎಸ್‌ಎಸ್‌ಡಿಗಳಲ್ಲಿ ಸಾಟಾ ಬಗೆಯದು 550ರ ಹತ್ತಿರ ನಿಂತರೆ, ಸಾಧಾರಣ ಎನ್‌ವಿಎಂಇ ಬಗೆಯದೂ 2,000 ಎಂಬಿಯನ್ನು ದಾಟುತ್ತದೆ. ದೊಡ್ಡ ಕಡತಗಳ ಈ ಅಂಕಿಗಳಿಗಿಂತಲೂ ಹೆಚ್ಚಿನ ಅಂತರ ಇರುವುದು ಸಣ್ಣ ಸಣ್ಣ ತುಣುಕುಗಳನ್ನು ಒಮ್ಮೆಲೇ ಓದಿ ಬರೆಯುವ ಕೆಲಸದಲ್ಲಿ, ಮತ್ತು ರ‍್ಯಾಮ್ ತುಂಬಿದಾಗ ನಡೆಯುವುದು ಬಹುಮಟ್ಟಿಗೆ ಅದೇ ಕೆಲಸ. ಕಡಿಮೆ ರ‍್ಯಾಮ್ ಮತ್ತು ನಿಧಾನದ ಸಂಗ್ರಹ ಹೀಗೆ ಒಂದರ ಕೊರತೆಯನ್ನು ಇನ್ನೊಂದು ಹೆಚ್ಚಿಸುತ್ತವೆ. ಮಗಳು ಬರೆಯುತ್ತಿರುವ ಅಸೈನ್‌ಮೆಂಟ್ ನಡುವೆಯೇ ಕರ್ಸರ್ ತಿರುಗುತ್ತಾ ನಿಂತರೆ ಅದಕ್ಕೆ ಕಾರಣ ಇದೇ ಇರುತ್ತದೆ. ಆದ್ದರಿಂದ 8 ಜಿಬಿ ರ‍್ಯಾಮ್ ಮತ್ತು 256 ಜಿಬಿಯ ನಿಜವಾದ ಎಸ್‌ಎಸ್‌ಡಿ, ಇವೆರಡರಲ್ಲಿ ರಾಜಿ ಮಾಡಿಕೊಳ್ಳಬೇಡಿ.

ಪ್ರೊಸೆಸರ್ ವಿಷಯದಲ್ಲಿ ಇಷ್ಟು ನೋಡಿಕೊಂಡರೆ ಸಾಕು. ಸೆಲೆರಾನ್ ಎನ್4020 ಎಂಬುದು 2019ರ, ಎರಡೇ ಕೋರ್‌ಗಳ ಪ್ರೊಸೆಸರ್. ಎನ್4500 ಕೂಡ ಎರಡೇ ಕೋರ್‌ಗಳದ್ದು. 2023ರಲ್ಲಿ ಬಂದ ಇಂಟೆಲ್ ಎನ್100ರಲ್ಲಿ ನಾಲ್ಕು ಕೋರ್‌ಗಳಿದ್ದು, 8 ಜಿಬಿ ರ‍್ಯಾಮ್ ಜೊತೆಗಿದ್ದರೆ ಕಾಮರ್ಸ್ ವಿದ್ಯಾರ್ಥಿಯ ದಿನದ ಕೆಲಸಕ್ಕೆ ತೊಂದರೆಯಿಲ್ಲ. ಎಎಂಡಿಯವರ ಅಥ್ಲಾನ್ ಸಿಲ್ವರ್ 7120ಯು ಎರಡು ಕೋರ್‌ಗಳದ್ದು, ರೈಜೆನ್ 3 7320ಯು ನಾಲ್ಕು ಕೋರ್‌ಗಳದ್ದು. ಹೆಸರಿನ ಮೇಲಿನ ಹೊಳಪನ್ನು ಬದಿಗಿಟ್ಟು, ಕೋರ್‌ಗಳು ಎಷ್ಟೆಂದು ಅಂಗಡಿಯವರನ್ನು ನೇರವಾಗಿ ಕೇಳಿ.

ಇನ್ನು ಬಿ.ಕಾಂ. ಓದುವವರಿಗೆ ಬೇರೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದಿದೆ: ಅದರಲ್ಲಿ ಟ್ಯಾಲಿ ನಡೆಯುತ್ತದೆಯೇ? ಟ್ಯಾಲಿಪ್ರೈಮ್ ವಿಂಡೋಸ್‌ಗಾಗಿ ಮಾಡಿದ ಲೆಕ್ಕಪತ್ರದ ತಂತ್ರಾಂಶ. ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುವ ಕ್ರೋಮ್‌ಬುಕ್‌ಗಳು ಈ ಬೆಲೆಯಲ್ಲಿ ಚುರುಕಾಗಿಯೇ ಓಡುತ್ತವೆ, ಬ್ಯಾಟರಿಯೂ ಚೆನ್ನಾಗಿ ಬಾಳುತ್ತದೆ, ಬಿ.ಎ. ಓದುವ ಮಕ್ಕಳಿಗೆ ನಾನೇ ಅವನ್ನು ಸೂಚಿಸಬಲ್ಲೆ. ಆದರೆ ಅವುಗಳಲ್ಲಿ ಟ್ಯಾಲಿಯನ್ನು ನೇರವಾಗಿ ಅಳವಡಿಸಲು ಬಾರದು. 2023ರಲ್ಲಿ 16,499 ರೂಪಾಯಿಗೆ ಬಿಡುಗಡೆಯಾದ, 990 ಗ್ರಾಂ ತೂಕದ ಜಿಯೋಬುಕ್‌ಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಅದು ನಡೆಯುವುದು ವಿಂಡೋಸ್‌ನಲ್ಲಲ್ಲ, ಜಿಯೋಓಎಸ್‌ನಲ್ಲಿ. ಅಕೌಂಟೆನ್ಸಿ ಕಲಿಯುವ ಹುಡುಗಿಗೆ ಮನೆಯಲ್ಲಿ ಟ್ಯಾಲಿ ಅಭ್ಯಾಸ ಮಾಡಲು ಸಿಗದಿದ್ದರೆ ಹಗುರವಾದ ಯಂತ್ರದಿಂದ ಪ್ರಯೋಜನವೇನು? ಲೈಸೆನ್ಸ್ ಕೊಳ್ಳದೆಯೇ ಟ್ಯಾಲಿಯ ಶಿಕ್ಷಣ ಮೋಡ್‌ನಲ್ಲಿ ಕಲಿಯಬಹುದು. ಅಲ್ಲಿ ನಮೂದಿಸಬಹುದಾದ ದಿನಾಂಕಗಳಿಗೆ ಮಿತಿ ಇದೆಯೆಂಬುದನ್ನು ಬಿಟ್ಟರೆ ಅಭ್ಯಾಸಕ್ಕೆ ಅಡ್ಡಿಯಿಲ್ಲ. ಅಗ್ಗದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ 'ಎಸ್ ಮೋಡ್'ನಲ್ಲಿ ಬರುತ್ತದೆ, ಆಗ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುವ ಆ್ಯಪ್‌ಗಳನ್ನು ಮಾತ್ರ ಹಾಕಲು ಬರುತ್ತದೆ. ಇದಕ್ಕೆ ಗಾಬರಿಯಾಗಬೇಕಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಅದರಿಂದ ಉಚಿತವಾಗಿ ಹೊರಬರಬಹುದು, ಮತ್ತೆ ಒಳಹೋಗಲು ಮಾತ್ರ ಬಾರದು.

ಪರದೆಯ ಬಗ್ಗೆ ಕನ್ನಡದವರಾಗಿ ನಾವು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. 11.6 ಇಂಚಿನ ಅಗ್ಗದ ಪರದೆಗಳು ಸಾಮಾನ್ಯವಾಗಿ 1366×768 ಚುಕ್ಕಿಗಳವು. 1920×1080ರ ಫುಲ್ ಎಚ್‌ಡಿ ಪರದೆಯಲ್ಲಿ ಸುಮಾರು ಎರಡರಷ್ಟು ಚುಕ್ಕಿಗಳಿರುತ್ತವೆ. ಇಂಗ್ಲಿಷ್ ಅಕ್ಷರಗಳು ಒಂದೇ ಸಾಲಿನಲ್ಲಿ ಮುಗಿಯುತ್ತವೆ; ನಮ್ಮ ಅಕ್ಷರಗಳಿಗೆ ಮೇಲೆ ಗುಣಿತದ ಗುರುತು, ಕೆಳಗೆ ಒತ್ತು, 'ಸ್ತ್ರೀ' 'ರಾಷ್ಟ್ರ' ಎಂಬಲ್ಲಿ ಒತ್ತಿನ ಜೊತೆ ಇನ್ನೊಂದು ಒತ್ತು. ಒಂದೊಂದು ಸಾಲಿಗೂ ಹೆಚ್ಚು ಎತ್ತರ ಬೇಕು. 768 ಚುಕ್ಕಿಗಳ ಎತ್ತರದಲ್ಲಿ ಬ್ರೌಸರ್‌ನ ಪಟ್ಟಿಗಳು, ಕೆಳಗಿನ ಟಾಸ್ಕ್‌ಬಾರ್ ಕಳೆದ ಮೇಲೆ ಉಳಿಯುವ ಜಾಗದಲ್ಲಿ ಕನ್ನಡದ ಕೆಲವೇ ಸಾಲುಗಳು ಹಿಡಿಯುತ್ತವೆ, ಅಕ್ಷರ ಚಿಕ್ಕದು ಮಾಡಿದರೆ ಒತ್ತುಗಳು ಮಸುಕಾಗುತ್ತವೆ. ಕಾಲೇಜಿನಲ್ಲಿ ಕನ್ನಡದ ಕೆಲಸ ಇಲ್ಲವೆಂದು ಇದನ್ನು ತಳ್ಳಿಹಾಕಬೇಡಿ. ಊರಿನ ಪತ್ರ, ಸಂಘದ ವಾರ್ಷಿಕೋತ್ಸವದ ಆಮಂತ್ರಣ ಇವೆಲ್ಲ ಹೇಗೂ ಮನೆಯಲ್ಲಿ ಕಂಪ್ಯೂಟರ್ ಬಲ್ಲ ಮಕ್ಕಳ ಪಾಲಿಗೇ ಬರುತ್ತವೆ. ವಿಂಡೋಸ್‌ನಲ್ಲಿ ಕನ್ನಡ ಬರೆಯಲು ಬೇರೆ ತಂತ್ರಾಂಶ ಕೊಳ್ಳಬೇಕಿಲ್ಲ, ಇನ್‌ಸ್ಕ್ರಿಪ್ಟ್ ಕೀಲಿಮಣೆ ಬಹುಕಾಲದಿಂದ ಇದೆ, 2019ರಿಂದ ಉಚ್ಚಾರಣೆಯನ್ನು ಅನುಸರಿಸಿ ಬರೆಯುವ ಫೋನೆಟಿಕ್ ಕೀಲಿಮಣೆಯೂ ಸೇರಿದೆ. ಟ್ಯಾಲಿ, ಎಕ್ಸೆಲ್‌ಗಳ ಉದ್ದನೆಯ ಪಟ್ಟಿಗಳಿಗೂ ಫುಲ್ ಎಚ್‌ಡಿ ಪರದೆಯೇ ಅನುಕೂಲ. ಮನೆಯ ಟಿ.ವಿ.ಗೆ ಎಚ್‌ಡಿಎಂಐ ಕೇಬಲ್ ಜೋಡಿಸಿದರೆ ಚಿಕ್ಕ ಲ್ಯಾಪ್‌ಟಾಪಿಗೂ ದೊಡ್ಡ ಪರದೆ ದೊರೆಯುತ್ತದೆ. ಮೇಜು ಹಾಕಲು ಜಾಗವಿಲ್ಲದ ನಮ್ಮ ಮುಂಬಯಿಯ ಮನೆಗಳಲ್ಲಿ ಇದು ನಿಜಕ್ಕೂ ಉಪಯೋಗಕ್ಕೆ ಬರುವ ಏರ್ಪಾಡು.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಹೊಸದೇ ಬೇಕೆಂದಾದರೆ 14 ಇಂಚಿನ, 8 ಜಿಬಿ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಇರುವ, ಒಂದೂವರೆ ಕಿಲೋ ಮೀರದ ಯಂತ್ರವನ್ನು ಹುಡುಕಿ. ಆಸುಸ್ ವಿವೋಬುಕ್ ಗೋ 14 ಇದಕ್ಕೊಂದು ಉದಾಹರಣೆ: ರೈಜೆನ್ 3 7320ಯು ಪ್ರೊಸೆಸರ್‌ನ ಮಾದರಿಯ ತೂಕ 1.38 ಕಿಲೋ. ಆದರೆ ಇದರಲ್ಲಿ ರ‍್ಯಾಮ್ ಬೆಸುಗೆ ಹಾಕಿದ್ದೇ, ಆದ್ದರಿಂದ 8 ಜಿಬಿಗಿಂತ ಕಡಿಮೆಯದನ್ನು ಮುಂದೆ ಹೆಚ್ಚಿಸೋಣವೆಂದು ತೆಗೆದುಕೊಳ್ಳುವಂತಿಲ್ಲ. ಮೆಮೊರಿ ಚಿಪ್‌ಗಳ ದರದೊಂದಿಗೆ ಇಂಥವುಗಳ ಬೆಲೆಯೂ ಏರಿಳಿಯುತ್ತದೆ, ಹಬ್ಬದ ಮಾರಾಟದ ಹೊತ್ತಿನಲ್ಲಿ ಇಳಿಯುವುದುಂಟು. ನಿಮ್ಮ ಮಿತಿಯನ್ನು ಸ್ವಲ್ಪ ದಾಟಿದರೆ ಒಂದೆರಡು ತಿಂಗಳು ಕಾಯುವುದರಲ್ಲಿ ನಷ್ಟವಿಲ್ಲ. ಆ ಅವಧಿಗೆ ಕಾಲೇಜಿನ ಲ್ಯಾಬ್ ಸಾಕಾಗಬಹುದು.

ಎರಡನೆಯ ದಾರಿ, ನಿಮ್ಮ ಅಗತ್ಯಕ್ಕೆ ಹೆಚ್ಚು ಹೊಂದುವುದೆಂದು ನನಗೆ ಅನ್ನಿಸುವುದು, ಕಂಪೆನಿಗಳು ಕೆಲವು ವರ್ಷ ಬಳಸಿ ಹಿಂದಿರುಗಿಸಿದ ಬಿಸಿನೆಸ್ ಲ್ಯಾಪ್‌ಟಾಪ್. ಇವು ಸಿಗುವುದು ಗ್ರಾಂಟ್ ರೋಡ್ ಸ್ಟೇಷನ್ನಿನ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ. ಫಲಕಗಳಲ್ಲಿ ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ ಎಂದಿರುತ್ತದೆ, ಕೇಳಿದರೆ ಎಲ್ಲರೂ ಹಳೆಯ ಹೆಸರನ್ನೇ ಹೇಳುತ್ತಾರೆ. ದಾದರಿನಲ್ಲಿ ಇಳಿದು ಪಶ್ಚಿಮ ರೈಲ್ವೆಗೆ ಬದಲಾಯಿಸಿ ಹೋಗಿ, ಭಾನುವಾರ ಬೇಡ. ಪುಣೆಯ ಓದುಗರಿಗಾದರೆ ಬುಧವಾರ ಪೇಟೆಯ ಸುತ್ತಲಿನ ತಪಕೀರ್ ಗಲ್ಲಿ ಹತ್ತಿರವಾದೀತು. ಡೆಲ್ ಲ್ಯಾಟಿಟ್ಯೂಡ್ 7290 ಮತ್ತು ಲೆನೊವೊ ಥಿಂಕ್‌ಪ್ಯಾಡ್ ಎಕ್ಸ್280 ಇವು 12.5 ಇಂಚಿನವು, ಎಚ್‌ಪಿ ಎಲೀಟ್‌ಬುಕ್ 830 ಜಿ5 13.3 ಇಂಚಿನದು. ಮೂರೂ ಒಂದೂವರೆ ಕಿಲೋದ ಒಳಗಿನವು, ಗಟ್ಟಿ ಮೈಯವು, ಕೀಲಿಮಣೆಯೂ ಅಗ್ಗದ ಹೊಸ ಯಂತ್ರಗಳದ್ದಕ್ಕಿಂತ ಎಷ್ಟೋ ಮೇಲು. ಡೆಲ್ ಮತ್ತು ಎಚ್‌ಪಿಯಲ್ಲಿ ರ‍್ಯಾಮ್ ಸ್ಲಾಟ್‌ನಲ್ಲಿರುವುದರಿಂದ ಮುಂದೆ ಹೆಚ್ಚಿಸಬಹುದು, ಎಕ್ಸ್280ರಲ್ಲಿ ಬೆಸುಗೆ ಹಾಕಿದ್ದಾದ್ದರಿಂದ 8 ಜಿಬಿಯದನ್ನೇ ಕೇಳಿ. ಮೊದಲೆರಡರಲ್ಲಿ 1366×768ರ ಪರದೆ ಇರುವವೂ ಬಂದಿವೆ, ಹಾಗಾಗಿ ಫುಲ್ ಎಚ್‌ಡಿ ಎಂದು ಖಚಿತಪಡಿಸಿಕೊಳ್ಳಿ.

ಇಲ್ಲಿ ಒಂದು ನಿಯಮವನ್ನು ಬಿಗಿಯಾಗಿ ಪಾಲಿಸಬೇಕು: ಇಂಟೆಲ್‌ನ 8ನೇ ತಲೆಮಾರಿಗಿಂತ ಹಿಂದಿನದು ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ಅಧಿಕೃತವಾಗಿ ಒಪ್ಪುವುದು ಸಾಮಾನ್ಯವಾಗಿ 8ನೇ ತಲೆಮಾರಿನಿಂದ ಮುಂದಿನವನ್ನು. ಇನ್ನೊಂದು ಕಾರಣವೂ ಇದೆ. ಲ್ಯಾಪ್‌ಟಾಪ್‌ಗಳ ಐ5-7200ಯು ಎರಡು ಕೋರ್‌ಗಳದ್ದು, ಅದರ ನಂತರ ಬಂದ ಐ5-8250ಯು ನಾಲ್ಕು ಕೋರ್‌ಗಳದ್ದು. ಹೊರಗಿನ ಸ್ಟಿಕ್ಕರ್‌ನಲ್ಲಿ ಎರಡೂ ಐ5 ಎಂದೇ ಕಾಣುತ್ತವೆ, ಬೆಲೆಯಲ್ಲಿ ಎರಡು ಮೂರು ಸಾವಿರದ ವ್ಯತ್ಯಾಸ ಹೇಳಿ ಹಳೆಯದನ್ನು ದಾಟಿಸುವುದು ಸುಲಭ. ಸೆಟ್ಟಿಂಗ್ಸ್ ತೆರೆದು, ಪ್ರೊಸೆಸರ್‌ನ ಹೆಸರಿನಲ್ಲಿ ಐ5ರ ಮುಂದಿನ ಗೆರೆಯ ನಂತರದ ಅಂಕಿ 8ರಿಂದ ಆರಂಭವಾಗುತ್ತದೆಯೇ ಎಂದು ಕಣ್ಣಾರೆ ನೋಡಿ. 10 ಅಥವಾ 11ರಿಂದ ಆರಂಭವಾದರೆ ಇನ್ನೂ ಹೊಸದು.

ಅಂಗಡಿಯಲ್ಲೇ ಅರ್ಧ ಗಂಟೆ ಕುಳಿತು ಪರೀಕ್ಷಿಸಿ, ಅವಸರ ಪಡಿಸಿದರೆ ಮುಂದಿನ ಅಂಗಡಿಗೆ ಹೋಗಿ. ವಿಂಡೋಸ್‌ನ ಬ್ಯಾಟರಿ ರಿಪೋರ್ಟ್ ತೆಗೆಸಿದರೆ ಬ್ಯಾಟರಿಯ ಮೂಲ ಸಾಮರ್ಥ್ಯ ಮತ್ತು ಈಗ ತುಂಬಿಸಿಕೊಳ್ಳುವ ಸಾಮರ್ಥ್ಯ ಎರಡೂ ಕಾಣುತ್ತವೆ. ಈಗಿನದು ಮೂಲದ ಅರ್ಧಕ್ಕೆ ಇಳಿದಿದ್ದರೆ ಹೊಸ ಬ್ಯಾಟರಿ ಹಾಕಿಕೊಡಲು ಕೇಳಿ ಅಥವಾ ಅದರ ಬೆಲೆಯನ್ನು ಕಳೆಯಿರಿ. ಯಂತ್ರವನ್ನು ಆರಂಭಿಸುವ ಒಳಗಿನ ತಂತ್ರಾಂಶವಾದ ಬಯೋಸ್‌ಗೆ ಪಾಸ್‌ವರ್ಡ್ ಇರಬಾರದು. ವಿಂಡೋಸ್ ಅನ್ನು ಹೊಸದಾಗಿ ಹಾಕಿ, ಫೋನಿನ ಇಂಟರ್ನೆಟ್ ಜೋಡಿಸಿ, ಮೊದಲ ಸೆಟಪ್ ನಿಮ್ಮ ಕಣ್ಣೆದುರೇ ಮಾಡಿಸಿ. ಆಗ ಯಾವುದಾದರೂ ಕಂಪೆನಿಯ ಹೆಸರು ತೋರಿಸಿ ಅವರ ಲಾಗಿನ್ ಕೇಳಿದರೆ ಆ ಯಂತ್ರ ಇನ್ನೂ ಆ ಕಂಪೆನಿಯ ನಿಯಂತ್ರಣದಲ್ಲಿದೆ ಎಂದರ್ಥ, ಅದನ್ನು ಯಾವ ಬೆಲೆಗೂ ಕೊಳ್ಳಬೇಡಿ.

ಪ್ರಯಾಣದ ಬಗ್ಗೆ ಎರಡು ಮಾತು. ಗಾಡಿಯ ನೂಕುನುಗ್ಗಲಿನಲ್ಲಿ ಪರದೆ ಒಡೆಯುವುದು ಬೀಳುವುದರಿಂದ ಮಾತ್ರವಲ್ಲ, ಮುಚ್ಚಳದ ಮೇಲೆ ಬೀಳುವ ಒತ್ತಡದಿಂದಲೂ. ಚೀಲವನ್ನು ಎದೆಯ ಮೇಲೆ ಹಾಕಿಕೊಳ್ಳುವುದು, ಲ್ಯಾಪ್‌ಟಾಪಿನ ಪಕ್ಕದಲ್ಲಿ ಟಿಫಿನ್ ಡಬ್ಬಿ ಇಡದಿರುವುದು ಒಳ್ಳೆಯದು. ಯುಎಸ್‌ಬಿ-ಸಿ ಚಾರ್ಜಿಂಗ್ ಇರುವ ಯಂತ್ರವಾದರೆ ಫೋನಿಗೂ ಲ್ಯಾಪ್‌ಟಾಪಿಗೂ ಒಂದೇ ಚಾರ್ಜರ್ ಸಾಕಾಗಿ ಹೊರೆ ತಗ್ಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಇಳಿಯದ ಹೊದಿಕೆಯೊಂದು ಬೇಕೇ ಬೇಕು, ಚೀಲದ ಹೊರಗಿನ ರೇನ್ ಕವರ್ ಒಂದನ್ನೇ ನಂಬಬೇಡಿ.

ಹಣದ ಲೆಕ್ಕದಲ್ಲಿ ಆಫೀಸ್ ತಂತ್ರಾಂಶಕ್ಕೆಂದು ಪ್ರತ್ಯೇಕ ಮೊತ್ತ ಇಡಬೇಕಿಲ್ಲ. ಕಾಲೇಜು ಮಗಳಿಗೆ ಇ-ಮೇಲ್ ವಿಳಾಸ ಕೊಟ್ಟಿದ್ದರೆ ಮೈಕ್ರೋಸಾಫ್ಟ್ 365ರ ವೆಬ್ ಆವೃತ್ತಿ ಉಚಿತವಾಗಿ ಸಿಗಬಹುದು, ಇಲ್ಲವಾದರೆ ಲಿಬ್ರೆಆಫೀಸ್ ಇದೆ. ಅಂಗಡಿಯವರು ನಕಲಿ ಆಫೀಸ್ ಹಾಕಿಕೊಡುತ್ತೇವೆಂದರೆ ಬೇಡವೆನ್ನಿ. ವೈರಸ್ ಬರುವ ದಾರಿಗಳಲ್ಲಿ ಅದೂ ಒಂದು. ಹಳೆಯದನ್ನು ಕೊಂಡರೂ ಜಿಎಸ್‌ಟಿ ಬಿಲ್ ಪಡೆಯಿರಿ, ಅದರಲ್ಲಿ ಲ್ಯಾಪ್‌ಟಾಪಿನ ತಳದಲ್ಲಿರುವ ಸೀರಿಯಲ್ ನಂಬರ್ ಮತ್ತು ವಾರಂಟಿಯ ಅವಧಿ ಬರೆಸಿಕೊಳ್ಳಿ. ಬಿಲ್ ಬೇಡವೆಂದರೆ ಸಾವಿರ ರೂಪಾಯಿ ಕಡಿಮೆ ಎಂಬ ಮಾತಿಗೆ ಒಪ್ಪಬೇಡಿ, ಏಕೆಂದರೆ ನಾಳೆ ಯಂತ್ರ ಕೆಟ್ಟರೂ, ಅದರ ಒಡೆತನದ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದರೂ ನಿಮ್ಮ ಕೈಯಲ್ಲಿರುವ ಮುಖ್ಯ ದಾಖಲೆ ಅದೇ.