‘ಕ್ರೆಡಿಟ್ಸ್ ಟು ಓನರ್’: ಆ ಓನರ್‌ಗೂ ಒಂದು ಹೆಸರಿದೆ

ಹೋದ ವರ್ಷ ದಾವಣಗೆರೆಯ ಒಬ್ಬ ಇಂಜಿನಿಯರಿಂಗ್ ಹುಡುಗ ತಾನು ಮಾಡಿದ ಪುಟ್ಟ ಗೇಮ್‌ನ ವಿಡಿಯೊವನ್ನು ಒಂದು ಟೆಲಿಗ್ರಾಮ್ ಗುಂಪಿನಲ್ಲಿ ಹಾಕಿದ್ದ. ಒಂದು ಹಳ್ಳಿ, ಹೆಂಚಿನ ಮನೆ, ಮನೆ ಮುಂದೆ ತುಳಸಿ ಕಟ್ಟೆ. ಕಟ್ಟೆ ಕಂಡ ತಕ್ಷಣ ನಾನು ವಿಡಿಯೊ ನಿಲ್ಲಿಸಿ ದೊಡ್ಡದು ಮಾಡಿ ನೋಡಿದೆ. ದೀಪದ ಗೂಡಿನ ಎಡಗಡೆ, ಇಟ್ಟಿಗೆ ಬಣ್ಣದ ನಡುವೆ, ಒಂದೇ ಒಂದು ಹಸಿರು ಪಿಕ್ಸೆಲ್ ಇತ್ತು. ಎಲೆಗೆ ಬಣ್ಣ ತುಂಬುವಾಗ ಕೈತಪ್ಪಿ ಬಿದ್ದ ಚುಕ್ಕೆ ಅದು. ಕೈತಪ್ಪಿದ್ದು ನನ್ನದೇ. 32 ಪಿಕ್ಸೆಲ್ ಅಗಲ, 48 ಪಿಕ್ಸೆಲ್ ಎತ್ತರ, 11 ಬಣ್ಣ. ಎರಡು ಸಂಜೆ ಕೂತು ಬಿಡಿಸಿದ್ದೆ. ಯಾರು ಬೇಕಾದರೂ ಬಳಸಲಿ, ಹೆಸರು ಹಾಕಿದರೆ ಸಾಕು ಅಂತ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ ಲೈಸೆನ್ಸ್‌ನಲ್ಲಿ ಬಿಟ್ಟುಕೊಟ್ಟಿದ್ದೆ.

ವಿಡಿಯೊ ಕೆಳಗೆ ಬರೆದಿತ್ತು: ‘ಆರ್ಟ್: ಕ್ರೆಡಿಟ್ಸ್ ಟು ಓನರ್’.

ಹುಡುಗ ಕಳ್ಳನಲ್ಲ. ಎಲ್ಲಿ ಸಿಕ್ಕಿತು ಅಂತ ಕೇಳಿದ್ದಕ್ಕೆ, “ಸರ್, ಒಂದು ಜಿಪ್ ಫೈಲ್ ಫಾರ್ವರ್ಡ್ ಆಗಿ ಬಂತು” ಅಂದ. ಅದನ್ನೇ ನನಗೂ ಕಳಿಸಿದ. ತೆರೆದು ನೋಡಿದರೆ ಒಂದೇ ಫೋಲ್ಡರ್‌ನಲ್ಲಿ ಆರುನೂರಕ್ಕೂ ಜಾಸ್ತಿ ಚಿತ್ರ. ಮರ, ಬಾವಿ, ಕತ್ತಿ, ಕೋಳಿ, ದೊಡ್ಡ ಕಂಪನಿಯ ಗೇಮ್‌ಗಳಿಂದ ಎತ್ತಿದ ಪಾತ್ರಗಳು, ನನ್ನಂಥವರು ಬಿಡಿಸಿ ಹಂಚಿದ್ದು, ಎಲ್ಲ ಸೇರಿಕೊಂಡಿತ್ತು. ಹೆಸರು, ಲೈಸೆನ್ಸ್ ಬರೆದಿಡುವ ಟೆಕ್ಸ್ಟ್ ಫೈಲ್ ಒಂದೂ ಇರಲಿಲ್ಲ. ನಾನು ಹಾಕಿದ ಫೈಲ್‌ನ ಹೆಸರಿನಲ್ಲೇ ನನ್ನ ಹೆಸರಿತ್ತು. ಇಲ್ಲಿ ಅದು ‘ಐಟಂ_214’ ಆಗಿತ್ತು. ನನ್ನ ಹೆಸರು ದಾರಿಯಲ್ಲಿ ಎಲ್ಲೋ ಉದುರಿಹೋಗಿದೆ. ಅದನ್ನು ಕೈಯಾರೆ ಕಿತ್ತವರು ಯಾರೋ ಇರಬಹುದು, ಆದರೆ ಆಮೇಲೆ ಬಂದವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಮುಂದಕ್ಕೆ ದಾಟಿಸಿದ್ದಾರೆ.

ನಾನು ಬೆಂಗಳೂರಿನಲ್ಲಿ ಗೇಮ್‌ಗಳಿಗೆ ಚಿತ್ರ, ಮಾಡೆಲ್ ಮಾಡುವ ಕೆಲಸದಲ್ಲಿ 14 ವರ್ಷದಿಂದ ಇದ್ದೇನೆ. ಈ ಊರಿಗೆ ಇದು ಹೊಸದಲ್ಲ. 1997ರಲ್ಲಿ ಇಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸ್ಟುಡಿಯೊ ಶುರುವಾಯಿತು. ಇವತ್ತು ಹೊರದೇಶದ ದೊಡ್ಡ ಗೇಮ್‌ಗಳಿಗೆ ಬೇಕಾದ ಎಷ್ಟೋ ಕಲೆಯ ಕೆಲಸ ನಮ್ಮಲ್ಲೇ ಆಗುತ್ತದೆ. ನೀವು ಆಡುವಾಗ ಗುಂಡು ತಾಗಿ ಒಡೆಯುವ ಪೀಪಾಯಿ, ರಸ್ತೆ ಬದಿಯ ದೀಪದ ಕಂಬ, ಕಾರಿನ ಒಳಗಿನ ಸೀಟಿನ ಹೊಲಿಗೆ ಮಾರತ್ತಹಳ್ಳಿಯ ಯಾವುದೋ ಮೂರನೇ ಮಹಡಿಯಲ್ಲಿ ತಯಾರಾಗಿರಬಹುದು. ಕೆಲವು ಗೇಮ್‌ಗಳು ಕೊನೆಯಲ್ಲಿ ಎಲ್ಲರ ಹೆಸರನ್ನೂ ತೋರಿಸುತ್ತವೆ. ಕೆಲವು ಹೊರಗುತ್ತಿಗೆ ಸ್ಟುಡಿಯೊದ ಹೆಸರನ್ನು ಒಂದು ಸಾಲಿನಲ್ಲಿ ಹಾಕಿ ಮುಗಿಸುತ್ತವೆ. ಒಮ್ಮೆ ನಾನು ಎಂಟು ತಿಂಗಳು ದುಡಿದ ಗೇಮ್ ಒಂದನ್ನು ನನ್ನ ಅಣ್ಣನ ಮಗ ಆಡಿ ಮುಗಿಸಿದ. ಕೊನೆಯ ಹೆಸರುಗಳೆಲ್ಲ ಓಡಿ ಮುಗಿಯುವವರೆಗೂ ಕೂತಿದ್ದನಂತೆ, ಇಪ್ಪತ್ತು ನಿಮಿಷ. ಆಮೇಲೆ ಫೋನ್ ಮಾಡಿ ಕೇಳಿದ, “ಚಿಕ್ಕಪ್ಪ, ನಿನ್ನ ಹೆಸರು ಬರ್ಲೇ ಇಲ್ವಲ್ಲ?” ನನಗೆ ಉತ್ತರ ಹೊಳೆಯಲಿಲ್ಲ.

ಅದಕ್ಕೇ ಈ ವಿಷಯ ನನಗೆ ಹತ್ತಿರದ್ದು.

ಈಗ ಫ್ಯಾನ್ ಗುಂಪುಗಳ ಮಾತಿಗೆ ಬರೋಣ. ಒಂದು ಗೇಮ್ ಚಿತ್ರ ನಿಮ್ಮ ಕೈಗೆ ಬರುವ ಹೊತ್ತಿಗೆ ಅದರ ಹಿಂದೆ ಮೂರು ನಾಲ್ಕು ಜನ ಇರುತ್ತಾರೆ. ದಿ ಸ್ಪ್ರೈಟರ್ಸ್ ರಿಸೋರ್ಸ್ ತರಹದ ವೆಬ್‌ಸೈಟ್‌ನಲ್ಲಿ ಹಳೆಯ ಗೇಮ್‌ಗಳ ಪಾತ್ರಗಳನ್ನು ಸಾಲಾಗಿ ಜೋಡಿಸಿದ ಸ್ಪ್ರೈಟ್ ಶೀಟ್ ಸಿಗುತ್ತವೆ, ಅಲ್ವಾ? ಶೀಟ್ ಜೊತೆ ಇಂಥವರು ರಿಪ್ ಮಾಡಿದ್ದು ಅಂತ ಒಂದು ಹೆಸರಿರುತ್ತದೆ. ಆ ಮನುಷ್ಯ ಗೇಮ್‌ನ ಒಂದೊಂದು ಫ್ರೇಮ್ ಹಿಡಿದು, ಹಿನ್ನೆಲೆ ತೆಗೆದು, ಸಾಲು ಸರಿಮಾಡಿ ಇಟ್ಟಿದ್ದಾನೆ. ಅದು ದೊಡ್ಡ ಕೆಲಸ, ಅವನಿಗೆ ಥ್ಯಾಂಕ್ಸ್ ಹೇಳಬೇಕು. ಆದರೆ ಚಿತ್ರ ಬಿಡಿಸಿದವನು ಅವನಲ್ಲ. ಬಿಡಿಸಿದವರು ಗೇಮ್‌ನ ಕಲಾವಿದರು, ಹಕ್ಕು ಇರುವುದು ಕಂಪನಿ ಹತ್ತಿರ. ಆ ಶೀಟ್‌ನ ಬಣ್ಣ ಬದಲಾಯಿಸಿ ಹೊಸ ಪಾತ್ರ ಮಾಡಿದ ಫ್ಯಾನ್ ಇನ್ನೊಬ್ಬ. ಈ ನಾಲ್ವರನ್ನೂ ‘ಓನರ್’ ಎಂಬ ಒಂದು ಪದದಲ್ಲಿ ಸುತ್ತಿಬಿಟ್ಟರೆ ಯಾರಿಗೂ ಏನೂ ಸಲ್ಲುವುದಿಲ್ಲ.

ಬಿಡಿಸಿದವರ ಹೆಸರು ಗೊತ್ತಿಲ್ಲದಿದ್ದರೆ ಹುಡುಕಬಹುದು. ಮೋಬಿಗೇಮ್ಸ್ ಎಂಬ ವೆಬ್‌ಸೈಟ್ 1999ರಿಂದ ಗೇಮ್‌ಗಳ ಕ್ರೆಡಿಟ್ ಪಟ್ಟಿ ಕೂಡಿಡುತ್ತಾ ಬಂದಿದೆ. ಸ್ಟಾರ್‌ಡ್ಯೂ ವ್ಯಾಲಿಯಂಥ ಗೇಮ್ ಆದರೆ ಇನ್ನೂ ಸುಲಭ. 2016ರಲ್ಲಿ ಬಂದ ಆ ಗೇಮ್‌ನ ಚಿತ್ರ, ಸಂಗೀತ, ಕೋಡ್ ಎಲ್ಲವನ್ನೂ ಎರಿಕ್ ಬರೋನ್ ಒಬ್ಬರೇ ಮಾಡಿದ್ದು. ಅದರ ಬದನೆಕಾಯಿಗೆ ನೀವು ಹೊಸ ಬಣ್ಣ ಹಚ್ಚಿ ಮಾಡ್ (ಗೇಮ್‌ಗೆ ಆಟಗಾರರೇ ಮಾಡುವ ಬದಲಾವಣೆ) ಮಾಡಿದರೆ ಮೊದಲ ಹೆಸರು ಅವರದ್ದು. ಬೇರೆಯವರ ಮಾಡ್ ಮೇಲೆ ಹಚ್ಚಿದ್ದರೆ ಎರಡನೆಯದು ಆ ಮಾಡ್ ಮಾಡಿದವರದ್ದು, ಆಮೇಲೆ ನಿಮ್ಮದು. ಮಾಡ್‌ಗಳನ್ನು ಹಂಚುವ ನೆಕ್ಸಸ್ ಮಾಡ್ಸ್‌ನಲ್ಲಿ ಪ್ರತಿ ಮಾಡ್ ಪುಟದಲ್ಲೂ ಅನುಮತಿಗಳ ಒಂದು ಭಾಗ ಇರುತ್ತದೆ. ನನ್ನ ಚಿತ್ರ ತಿದ್ದಬಹುದಾ, ಬೇರೆ ಕಡೆ ಹಾಕಬಹುದಾ, ದುಡ್ಡಿಗೆ ಬಳಸಬಹುದಾ ಅಂತ ಮಾಡಿದವರೇ ಅಲ್ಲಿ ಬರೆದಿರುತ್ತಾರೆ. ಡೌನ್‌ಲೋಡ್ ಒತ್ತುವ ಮೊದಲು ಅದನ್ನು ಓದಲು ಒಂದು ನಿಮಿಷ ಸಾಕು.

ಹೆಸರು ಹಾಕಿದ್ದೇನೆ, ದುಡ್ಡೂ ತಗೊಂಡಿಲ್ಲ, ಹಾಗಾಗಿ ಎಲ್ಲ ಸರಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹೆಸರು ಹಾಕುವುದು ಬೇರೆ, ಅನುಮತಿ ಪಡೆಯುವುದು ಬೇರೆ. 2016ರ ಆಗಸ್ಟ್‌ನಲ್ಲಿ ನಿಂಟೆಂಡೊ ಕಂಪನಿಯ ಮೆಟ್ರಾಯ್ಡ್ ಸರಣಿಯ ಎರಡನೇ ಗೇಮ್ ಅನ್ನು ಅಭಿಮಾನಿಗಳು ಹೊಸದಾಗಿ ಕಟ್ಟಿ ಪುಕ್ಕಟೆಯಾಗಿ ಬಿಟ್ಟರು. ಎಎಂ2ಆರ್ ಅಂತ ಅದರ ಹೆಸರು. ವರ್ಷಗಟ್ಟಲೆ ದುಡಿದು, ಪ್ರೀತಿಯಿಂದ ಮಾಡಿದ್ದರು. ಕೆಲವೇ ದಿನಗಳಲ್ಲಿ ನಿಂಟೆಂಡೊ ಕಾನೂನು ನೋಟಿಸ್ ಕಳಿಸಿ ಡೌನ್‌ಲೋಡ್ ಲಿಂಕ್‌ಗಳನ್ನು ತೆಗೆಸಿತು. ಅದರ ಮರುವರ್ಷ ಸೆಗಾ ಕಂಪನಿ ಸಾನಿಕ್ ಮೇನಿಯಾ ಎಂಬ ಗೇಮ್ ತಂತು. ಅದನ್ನು ಕಟ್ಟಿದ ತಂಡದಲ್ಲಿ ಸಾನಿಕ್ ಫ್ಯಾನ್ ಗೇಮ್‌ಗಳನ್ನು ಮಾಡಿಯೇ ಹೆಸರಾದವರಿದ್ದರು. ಒಂದೇ ತರಹದ ಪ್ರೀತಿಗೆ ಒಂದು ಕಂಪನಿ ನೋಟಿಸ್ ಕೊಟ್ಟಿತು, ಇನ್ನೊಂದು ಕೆಲಸ ಕೊಟ್ಟಿತು. ಹಾಗಾಗಿ ಯಾವ ಗೇಮ್‌ನ ಚಿತ್ರ ಮುಟ್ಟುತ್ತಿದ್ದೀರೋ ಆ ಕಂಪನಿ ಅಭಿಮಾನಿಗಳಿಗೆ ನಿಯಮ ಬರೆದಿದೆಯಾ ನೋಡಿ. ಮೈಕ್ರೋಸಾಫ್ಟ್, ರಾಯಟ್ ಗೇಮ್ಸ್ ಥರದವರು ಬರೆದಿದ್ದಾರೆ. ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಟೇಬಲ್ ಹಾಕಿ ಸ್ಟಿಕ್ಕರ್, ಕೀಚೈನ್ ಮಾರುವ ಗೆಳೆಯರು ಇದನ್ನು ಇನ್ನೂ ಜಾಸ್ತಿ ಗಮನವಿಟ್ಟು ಓದಬೇಕು, ಯಾಕೆಂದರೆ ಮಾರಾಟ ಶುರುವಾದ ಕೂಡಲೇ ಹಲವು ನಿಯಮಗಳು ಬಿಗಿಯಾಗುತ್ತವೆ.

ನಮ್ಮ ಕಾನೂನು ಏನು ಹೇಳುತ್ತದೆ ಅಂತಲೂ ಸ್ವಲ್ಪ ತಿಳಿದಿರಲಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ, ನೌಕರಿಯಲ್ಲಿದ್ದು ಕೆಲಸದ ಭಾಗವಾಗಿ ಬಿಡಿಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸ ಕೊಟ್ಟವರದ್ದು. ಆದರೆ ಅದೇ ಕಾಯ್ದೆಯ 57ನೇ ಸೆಕ್ಷನ್ ಇದೆ. ಹಕ್ಕನ್ನು ಬರೆದುಕೊಟ್ಟ ಮೇಲೂ ‘ಇದನ್ನು ಮಾಡಿದ್ದು ನಾನು’ ಅಂತ ಹೇಳಿಕೊಳ್ಳುವ ಹಕ್ಕು ಕಲಾವಿದರ ಹತ್ತಿರ ಉಳಿಯುತ್ತದೆ, ಹೆಸರಿಗೆ ಧಕ್ಕೆ ಬರುವಂತೆ ಕೃತಿಯನ್ನು ಕೆಡಿಸಿದರೆ ತಡೆಯುವ ಹಕ್ಕೂ ಉಳಿಯುತ್ತದೆ ಅಂತ ಅದು ಹೇಳುತ್ತದೆ. ಶಿಲ್ಪಿ ಅಮರನಾಥ್ ಸೆಹಗಲ್ ದೆಹಲಿಯ ವಿಜ್ಞಾನ ಭವನಕ್ಕೆ ಮಾಡಿಕೊಟ್ಟಿದ್ದ ದೊಡ್ಡ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಗೋಡೆಯಿಂದ ಕಿತ್ತು ಗೋದಾಮಿಗೆ ಹಾಕಿದ್ದರು. ಅವರು ಕೋರ್ಟಿಗೆ ಹೋದರು. 2005ರಲ್ಲಿ ದೆಹಲಿ ಹೈಕೋರ್ಟ್ ಉಳಿದ ಭಾಗಗಳನ್ನು ಅವರಿಗೆ ವಾಪಸ್ ಕೊಡಿ, 5 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಹೇಳಿತು. ಶಿಲ್ಪಕ್ಕೆ ದುಡ್ಡು ಕೊಟ್ಟಿದ್ದು ಸರ್ಕಾರವೇ. ಆದರೂ ಮಾಡಿದವರ ನಂಟು ಕಡಿದುಹೋಗಿರಲಿಲ್ಲ.

ಹೆಸರು ಉದುರಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕೆಲಸದಲ್ಲೇ ಉದಾಹರಣೆಗಳಿವೆ. 2014ರಲ್ಲಿ ಕೌಂಟರ್-ಸ್ಟ್ರೈಕ್ ಗೇಮ್‌ಗೆ ‘ಹೌಲ್’ ಎಂಬ ಬಂದೂಕಿನ ಸ್ಕಿನ್, ಅಂದರೆ ಬಂದೂಕಿನ ಮೈಮೇಲೆ ಹಚ್ಚುವ ಚಿತ್ರ, ಬಂತು. ಆಟಗಾರರೇ ಮಾಡಿ ಕಳಿಸಿದ್ದನ್ನು ವಾಲ್ವ್ ಕಂಪನಿ ಒಪ್ಪಿಕೊಂಡಿತ್ತು. ಆಮೇಲೆ ನೋಡಿದರೆ ಅದರ ಮೇಲಿನ ಚಿತ್ರ ಇನ್ಯಾರದ್ದೋ. ಕಳಿಸಿದವರನ್ನು ವಾಲ್ವ್ ಹೊರಹಾಕಿತು, ಚಿತ್ರವನ್ನು ತಾನೇ ಹೊಸದಾಗಿ ಬಿಡಿಸಿತು, ಆ ಸ್ಕಿನ್ ಮುಂದೆ ಹೊಸದಾಗಿ ಸಿಗದ ಹಾಗೆ ನಿಲ್ಲಿಸಿತು. 2025ರ ಮೇ ತಿಂಗಳಲ್ಲಿ ಬಂಜಿ ಕಂಪನಿಯ ಮ್ಯಾರಥಾನ್ ಗೇಮ್‌ನ ಪರೀಕ್ಷಾ ಆವೃತ್ತಿಯಲ್ಲಿ ಒಬ್ಬ ಕಲಾವಿದೆ ತನ್ನದೇ ಚಿತ್ರಗಳನ್ನು ಕಂಡು ಹಿಡಿದರು. ಹಿಂದೆ ಕೆಲಸದಲ್ಲಿದ್ದ ಒಬ್ಬರು ಅವನ್ನು ಟೆಕ್ಸ್ಚರ್ ಶೀಟ್ ಒಂದಕ್ಕೆ ಸೇರಿಸಿದ್ದರು ಅಂತ ಕಂಪನಿ ಒಪ್ಪಿಕೊಂಡಿತು. ಟೆಕ್ಸ್ಚರ್ ಶೀಟ್ ಅಂದರೆ ಸಣ್ಣ ಸಣ್ಣ ಗುರುತು, ಬರಹ, ಗೆರೆಗಳನ್ನು ಒತ್ತೊತ್ತಾಗಿ ತುಂಬಿದ ಒಂದೇ ದೊಡ್ಡ ಚಿತ್ರ. ಅದರ ಒಳಗೆ ಹೋದ ಮೇಲೆ ಯಾವ ತುಂಡು ಎಲ್ಲಿಂದ ಬಂತು ಅಂತ ಪಕ್ಕದಲ್ಲಿ ಕೂತವನಿಗೂ ಗೊತ್ತಾಗುವುದಿಲ್ಲ. ದಾವಣಗೆರೆಯ ಹುಡುಗನ ಜಿಪ್ ಫೈಲ್‌ಗೂ ಇದಕ್ಕೂ ಅಷ್ಟೇನೂ ವ್ಯತ್ಯಾಸ ಇಲ್ಲ.

ಹಾಗಾಗಿ ನನ್ನ ಹತ್ತಿರ ಕೆಲಸ ಕಲಿಯಲು ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಒಂದೇ. ಹೆಸರು ಬರೆಯುವುದು ಗೇಮ್ ಮುಗಿದ ಮೇಲಲ್ಲ, ಚಿತ್ರ ಸೇವ್ ಮಾಡಿದ ಆ ನಿಮಿಷದಲ್ಲಿ. ಫೋಲ್ಡರ್ ಒಳಗೆ ಒಂದು ಟೆಕ್ಸ್ಟ್ ಫೈಲ್ ತೆರೆಯಿರಿ. ಚಿತ್ರದ ಹೆಸರು, ಮಾಡಿದವರ ಹೆಸರು ಅಥವಾ ಅವರು ಬಳಸುವ ಹ್ಯಾಂಡಲ್, ಎಲ್ಲಿ ಸಿಕ್ಕಿತು ಅನ್ನುವ ಲಿಂಕ್, ಯಾವ ಲೈಸೆನ್ಸ್, ನೀವು ಏನು ಬದಲಾಯಿಸಿದಿರಿ. ಇಷ್ಟೇ. ಆರು ತಿಂಗಳ ನಂತರ ಹುಡುಕಲು ಕೂತರೆ ಸಿಗುವುದಿಲ್ಲ, ನಾನು ಹುಡುಕಿ ಸೋತಿದ್ದೇನೆ.

ಇದನ್ನು ಚೆನ್ನಾಗಿ ಮಾಡಿದವರೂ ಇದ್ದಾರೆ. 2012ರಲ್ಲಿ ಗೇಮ್ ಚಿತ್ರಗಳನ್ನು ಹಂಚುವ ವೆಬ್‌ಸೈಟ್ ಓಪನ್‌ಗೇಮ್‌ಆರ್ಟ್, ಕ್ರಿಯೇಟಿವ್ ಕಾಮನ್ಸ್ ಮತ್ತು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸೇರಿ ಲಿಬರೇಟೆಡ್ ಪಿಕ್ಸೆಲ್ ಕಪ್ ಎಂಬ ಸ್ಪರ್ಧೆ ನಡೆಸಿದವು. ಎಲ್ಲರೂ ಒಂದೇ ಅಳತೆ, ಒಂದೇ ಶೈಲಿಯಲ್ಲಿ ಬಿಡಿಸಿದ್ದರಿಂದ ಒಬ್ಬರ ಕೂದಲು ಇನ್ನೊಬ್ಬರ ಮೈಗೆ ಸರಿಯಾಗಿ ಕೂರುತ್ತದೆ. ಆ ಚಿತ್ರಗಳಿಂದ ಪಾತ್ರ ಕಟ್ಟಿಕೊಡುವ ಒಂದು ಸಾಧನವೂ ಇದೆ. ಜಡೆ, ಅಂಗಿ, ಬೂಟು ಆರಿಸುತ್ತಾ ಹೋದರೆ ಪಾತ್ರದ ಜೊತೆಗೇ ಅಷ್ಟನ್ನೂ ಬಿಡಿಸಿದವರ ಹೆಸರಿನ ಪಟ್ಟಿಯನ್ನೂ ಅದು ಕೊಡುತ್ತದೆ. 64 ಪಿಕ್ಸೆಲ್ ಚೌಕದಲ್ಲಿ ನಿಂತ ಒಂದು ಪುಟ್ಟ ಹುಡುಗಿಯ ಹಿಂದೆ ಎಷ್ಟು ಜನರಿದ್ದಾರೆ ಅಂತ ಆ ಪಟ್ಟಿ ನೋಡಿದಾಗಲೇ ತಿಳಿಯುವುದು. ನೆನಪಿರಲಿ, ಅಲ್ಲಿನ ಬಹುಪಾಲು ಚಿತ್ರಗಳನ್ನು ತಿದ್ದಿ ಹಂಚುವುದಾದರೆ ತಿದ್ದಿದ ಚಿತ್ರವನ್ನೂ ಅದೇ ಲೈಸೆನ್ಸ್‌ನಲ್ಲೇ ಬಿಡಬೇಕು. ಕೆನ್ನಿ ಎಂಬ ಹೆಸರಿನಲ್ಲಿ ಪುಕ್ಕಟೆ ಹಂಚುವ ಗೇಮ್ ಚಿತ್ರಗಳು ಸಿಸಿ0, ಅಂದರೆ ಹೆಸರು ಹಾಕಲೇಬೇಕು ಅಂತಿಲ್ಲ. ನಾನಂತೂ ಹಾಕುತ್ತೇನೆ.

ಹಂಚುವಾಗ ಚಿತ್ರವನ್ನೂ ಕೆಡಿಸಬೇಡಿ. ವಾಟ್ಸಾಪ್‌ನಲ್ಲಿ ಫೋಟೊ ಥರ ಕಳಿಸಿದರೆ ಅದು ಕುಗ್ಗಿಸುತ್ತದೆ, ಪಿಕ್ಸೆಲ್ ಅಂಚುಗಳ ಸುತ್ತ ಕೊಳೆ ಕೂತಂತೆ ಆಗುತ್ತದೆ. ಪಿಎನ್‌ಜಿ ಫೈಲ್ ಮಾಡಿ ಡಾಕ್ಯುಮೆಂಟ್ ಅಂತ ಕಳಿಸಿ. ದೊಡ್ಡದು ಮಾಡುವುದಿದ್ದರೆ ಎರಡು ಪಟ್ಟು, ಮೂರು ಪಟ್ಟು, ಹೀಗೆ ಪೂರ್ತಿ ಸಂಖ್ಯೆಯಲ್ಲಿ ಮಾಡಿ, ನಿಯರೆಸ್ಟ್ ನೇಬರ್ ಎಂಬ ಆಯ್ಕೆ ಇಟ್ಟುಕೊಳ್ಳಿ. ಬೇರೆಯವರ ಚಿತ್ರದ ಮೇಲೆ ನಿಮ್ಮ ಪೇಜ್‌ನ ವಾಟರ್‌ಮಾರ್ಕ್ ಹೊಡೆಯುವುದನ್ನು ದಯವಿಟ್ಟು ನಿಲ್ಲಿಸಿ. ಅದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ.

ಫ್ಯಾನ್ ಆರ್ಟ್ ಆದರೆ ಕೇಳಿ. ‘ನಿಮ್ಮ ಈ ಚಿತ್ರ ನನ್ನ ವಿಡಿಯೊದಲ್ಲಿ ಹತ್ತು ಸೆಕೆಂಡ್ ಬಳಸಬಹುದಾ? ಹೆಸರು ಚಿತ್ರದ ಮೇಲೆಯೇ ಬರುತ್ತದೆ’ ಅಂತ ಎರಡು ಸಾಲು ಸಾಕು. ಹೆಚ್ಚಿನವರು ಖುಷಿಯಿಂದ ಹೂಂ ಅನ್ನುತ್ತಾರೆ. ಉತ್ತರವೇ ಬರದಿದ್ದರೆ ಹೂಂ ಅಂತ ಅಂದುಕೊಳ್ಳಬೇಡಿ, ಬೇರೆ ಚಿತ್ರ ಹುಡುಕಿ.

ದಾವಣಗೆರೆಯ ಹುಡುಗ ಒಂದು ವಾರ ಕೂತು ಆ ಜಿಪ್ ಫೈಲ್‌ನಿಂದ ತಾನು ಬಳಸಿದ 40 ಚಿತ್ರಗಳ ಮೂಲ ಹುಡುಕಿದ. 31 ಸಿಕ್ಕಿದವು. ಉಳಿದ 9 ಅನ್ನು ತೆಗೆದುಹಾಕಿ ತಾನೇ ಬಿಡಿಸಿದ. ಅವನು ಕಳಿಸಿದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಬದಲಾವಣೆ: ದೀಪದ ಗೂಡಿನ ಪಕ್ಕದ ಹಸಿರು ಚುಕ್ಕೆ ತೆಗೆದಿದೆ’ ಅಂತ ಬರೆದಿತ್ತು. ಅವನನ್ನು ಕೇಳಿ ಆ ಕಟ್ಟೆಯನ್ನೇ ತರಿಸಿಕೊಂಡೆ. ಈಗ ನಾನು ಹಂಚಿರುವುದು ಅವನು ತಿದ್ದಿದ ಕಟ್ಟೆ, ನನ್ನ ಹೆಸರಿನ ಕೆಳಗೆ ಅವನ ಹೆಸರಿದೆ.