ಹೊಳವು ಕೊಡದ ಮಳೆಯಲ್ಲಿ ಮನಸ್ಸು

ಆಷಾಢದಲ್ಲಿ ಹಿಡಿದ ಮಳೆ ಹೊಳವು ಕೊಡದೆ ವಾರಗಟ್ಟಲೆ ಸುರಿದರೆ ತೀರ್ಥಹಳ್ಳಿ, ಹೊಸನಗರದ ಕಡೆಯ ಅಡಿಕೆ ತೋಟಗಳಿಗೆ ಕೊಳೆ ರೋಗ ತಗಲುತ್ತದೆ. ಮರದ ಬುಡದಲ್ಲಿ ಉದುರಿದ ಎಳೆಗಾಯಿಯನ್ನು ಎತ್ತಿ ನೋಡಿದರೆ ತೊಟ್ಟಿನ ಬಳಿ ನೀರಲ್ಲಿ ನೆನೆದಂಥ ಕಡುಹಸಿರು ಕಲೆ, ಅದರ ಮೇಲೆ ಬಿಳಿಯ ಬೂಸ್ಟು. ಆ ಕಾಯಿಯನ್ನು ಕೈಯಲ್ಲಿ ಹಿಡಿದ ಬೆಳೆಗಾರ "ಸಕಾಲಕ್ಕೆ ಬೋರ್ಡೋ ಔಷಧಿ ಹೊಡೆಸದ ನಾನೊಬ್ಬ ದಂಡಪಿಂಡ" ಎಂದು ತನ್ನನ್ನೇ ಬೈದುಕೊಳ್ಳುತ್ತಾನೆ. ಅದೇ ನಷ್ಟ ಪಕ್ಕದ ಮನೆಯವರಿಗೆ ಆಗಿದ್ದರೆ ಅವನ ಮಾತೇ ಬೇರೆ: "ಮಳೆ ಬಿಡಲಿಲ್ಲ, ಮರ ಹತ್ತಿ ಔಷಧಿ ಹೊಡೆಯೋ ಕೊನೆಗೌಡ ಸಿಗಲಿಲ್ಲ, ನೀವಾದ್ರೂ ಏನು ಮಾಡ್ತಿದ್ರಿ ಮಾರಾಯ್ರೆ?"

ಈ ಎರಡನೆಯ ಮಾತನ್ನು ತನಗೂ ಹೇಳಿಕೊಳ್ಳುವುದನ್ನು ಮನಶ್ಶಾಸ್ತ್ರವು ಸ್ವಾನುಕಂಪ ಎಂದು ಕರೆಯುತ್ತದೆ. ಅಮೆರಿಕದ ಕ್ರಿಸ್ಟಿನ್ ನೆಫ್ 2003ರಲ್ಲಿ ಅದರಲ್ಲಿ ಮೂರು ಅಂಶಗಳನ್ನು ಗುರುತಿಸಿದರು: ತನ್ನ ಬಗೆಗಿನ ದಯೆ, ಸೋಲು ಎಲ್ಲರ ಪಾಲಿಗೂ ಬರುವಂಥದ್ದು ಎಂಬ ಅರಿವು, ನೋವನ್ನು ಮುಚ್ಚಿಡದೆ ಹಿಗ್ಗಿಸದೆ ಇದ್ದಂತೆಯೇ ನೋಡುವ ಸಮಚಿತ್ತ. ಹೀಗೆ ಸಮಾಧಾನ ಹೇಳಿಕೊಂಡರೆ ಮನುಷ್ಯ ಸೋಮಾರಿಯಾಗುತ್ತಾನೆ ಎಂಬ ಅಂಜಿಕೆ ನಮ್ಮ ಹಿರಿಯರಲ್ಲಿ ಬಲವಾಗಿದೆ. ಆದರೆ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೆನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಕಠಿಣ ಪದಪರೀಕ್ಷೆಯಲ್ಲಿ ಎಡವಿದ ಮೇಲೆ ತಮ್ಮನ್ನು ಅನುಕಂಪದಿಂದ ಕಂಡ ವಿದ್ಯಾರ್ಥಿಗಳೇ ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು.

ಮಳೆಗಾಲದ ಮಂಕಿಗೆ ಬೆಳಕಿನ ಕೊರತೆಯೂ ಕಾರಣವಾಗಬಲ್ಲದು. ಕಣ್ಣಿನ ಅಕ್ಷಿಪಟಲದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯವುಳ್ಳ ಕೋಶಗಳಿದ್ದು, ಅವು ಬೆಳಕಿನ ಸುದ್ದಿಯನ್ನು ಮಿದುಳಿನ ಹೈಪೊಥಲಾಮಸ್‌ನಲ್ಲಿರುವ ಜೈವಿಕ ಗಡಿಯಾರಕ್ಕೆ ಮುಟ್ಟಿಸುತ್ತವೆ. ನಿದ್ದೆಯ ಹೊತ್ತು ನಿಲ್ಲುವುದು ಈ ಗಡಿಯಾರದ ಮೇಲೆ. ಹಳೆಯ ಹೆಂಚಿನ ಮನೆಯ ಒಳಕೋಣೆಯಲ್ಲಿ ಒಂದು ಬಲ್ಬಿನ ಬೆಳಕು, ಬೆಳಕಿನ ಅಳತೆಯಾದ ಲಕ್ಸ್‌ನಲ್ಲಿ ಹೇಳುವುದಾದರೆ, ನೂರಿನ್ನೂರು ಲಕ್ಸ್ ಇದ್ದೀತು. ಮೋಡ ಕವಿದಿದ್ದರೂ ಹಗಲಿನಲ್ಲಿ ಬಯಲಿನ ಬೆಳಕು ಸಾಮಾನ್ಯವಾಗಿ 1,000 ಲಕ್ಸ್ ಮೀರುತ್ತದೆ. ಆದ್ದರಿಂದ ಬೆಳಗಿನ ಕಾಫಿಯನ್ನು ಒಲೆಯ ಮುಂದೆ ಕುಡಿಯುವ ಬದಲು ಲೋಟ ಹಿಡಿದು ಜಗಲಿಯ ಅಂಚಿಗೆ ಬಂದು ಕೂರುವುದು ಸಣ್ಣ ಬದಲಾವಣೆಯಾದರೂ ದೇಹಕ್ಕೆ ಸಣ್ಣದಲ್ಲ. ಬೇಸರ ಎರಡು ವಾರ ದಾಟಿಯೂ ಬಿಡದಿದ್ದರೆ, ಬದುಕೇ ಬೇಡವೆನಿಸಿದರಂತೂ ಕಾಯದೆ, ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಹೊಸ ರೂಢಿ ನೆಲೆಗೊಳ್ಳುವುದಕ್ಕೆ ಎಷ್ಟು ದಿನ ಬೇಕು? ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದ ಅಧ್ಯಯನದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ ಬಂತು: 18 ದಿನಗಳಿಂದ ಹಿಡಿದು 254 ದಿನಗಳವರೆಗೆ, ಮಧ್ಯಮ ಅಂಕಿ 66. ನನಗೆ ಮುಖ್ಯವೆನಿಸಿದ್ದು ಅದರ ಇನ್ನೊಂದು ಫಲಿತಾಂಶ. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ. ಗಾಳಿಮಳೆಗೆ ಜಗಲಿಯೆಲ್ಲ ಎರಚಲು ಹೊಡೆದ ದಿನ ಒಳಗೇ ಕಾಫಿ ಕುಡಿದವರು ಮರುದಿನ ಮಣೆ ಒರೆಸಿ ಮತ್ತೆ ಅಲ್ಲಿ ಕೂರಬಹುದು.