ಪದ ಪರಿಚಯ: ಸೋಮಾರಿ ಕಣ್ಣು

ಮಕ್ಕಳ ಕಣ್ಣಿನ ತೊಂದರೆಗಳಲ್ಲಿ ‘ಸೋಮಾರಿ ಕಣ್ಣು’ ಎಂಬುದರಷ್ಟು ದಾರಿ ತಪ್ಪಿಸುವ ಹೆಸರು ಬೇರೊಂದಿಲ್ಲ. ವೈದ್ಯರು ಆಂಬ್ಲಿಯೋಪಿಯಾ ಎನ್ನುವ ಈ ಸ್ಥಿತಿಯಲ್ಲಿ ಕಣ್ಣು ಮೈಗಳ್ಳತನ ಮಾಡುವುದಿಲ್ಲ. ಅದು ಕಳಿಸಿದ ಚಿತ್ರವನ್ನು ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗ್ರೀಕ್ ಮೂಲದ ಆ ಪದಕ್ಕೆ ‘ಮಂಕಾದ ನೋಟ’ ಎಂದರ್ಥ.

ನೋಡುವುದನ್ನು ಮಗು ಕಲಿಯಬೇಕಾಗುತ್ತದೆ. ಎರಡು ಕಣ್ಣುಗಳ ಚಿತ್ರಗಳನ್ನು ಒಂದಾಗಿ ಬೆಸೆಯುವ ಆ ಕಲಿಕೆ ಬಹುಮಟ್ಟಿಗೆ ಮೊದಲ ಏಳೆಂಟು ವರ್ಷಗಳಲ್ಲಿ ನಡೆಯುತ್ತದೆ. ಆ ಅವಧಿಯಲ್ಲಿ ಮೆಳ್ಳೆಗಣ್ಣಿನಿಂದ ಒಂದು ಕಣ್ಣು ಬೇರೆಡೆಗೆ ತಿರುಗಿದ್ದರೆ, ಎರಡು ಕಣ್ಣುಗಳ ಪವರ್‌ನಲ್ಲಿ ಹೆಚ್ಚು ಅಂತರವಿದ್ದರೆ, ಅಥವಾ ಹುಟ್ಟಿನಿಂದಲೇ ಬಂದ ಪೊರೆಯೋ ಜೋತುಬಿದ್ದ ರೆಪ್ಪೆಯೋ ಬೆಳಕಿಗೆ ಅಡ್ಡವಾಗಿದ್ದರೆ, ಮಿದುಳು ಸ್ಪಷ್ಟ ಚಿತ್ರವನ್ನು ಉಳಿಸಿಕೊಂಡು ಇನ್ನೊಂದನ್ನು ಅದುಮಿಬಿಡುತ್ತದೆ. ಬೆಕ್ಕಿನ ಮರಿಗಳ ಒಂದು ಕಣ್ಣನ್ನು ಮುಚ್ಚಿ ಬೆಳೆಸಿದ ವಿಜ್ಞಾನಿಗಳಾದ ಹ್ಯೂಬೆಲ್ ಮತ್ತು ವೀಸೆಲ್, ಮಿದುಳಿನ ಕೋಶಗಳು ತೆರೆದ ಕಣ್ಣಿನತ್ತಲೇ ವಾಲಿದ್ದನ್ನು ಕಂಡರು. ದೃಷ್ಟಿಯ ಕುರಿತ ಸಂಶೋಧನೆಗಾಗಿ ಅವರಿಗೆ 1981ರಲ್ಲಿ ನೊಬೆಲ್ ದೊರೆಯಿತು.

ಮೆಳ್ಳೆಗಣ್ಣಾದರೆ ಮನೆಯವರಿಗೆ ಕಾಣುತ್ತದೆ. ಪವರ್ ವ್ಯತ್ಯಾಸ ಮಾತ್ರ ಹೊರಗೆ ಕಾಣುವುದಿಲ್ಲ, ಮಗುವೂ ದೂರುವುದಿಲ್ಲ, ಏಕೆಂದರೆ ಒಳ್ಳೆಯ ಕಣ್ಣೊಂದರಿಂದಲೇ ಓದು, ಆಟ ಎಲ್ಲವೂ ಸಾಗುತ್ತವೆ. ಪುಟ್ಟ ಮಗುವಿನ ಒಂದೊಂದೇ ಕಣ್ಣನ್ನು ಅಂಗೈಯಿಂದ ಮರೆಮಾಡಿದಾಗ, ಒಂದು ಬದಿಗೆ ಸುಮ್ಮನಿದ್ದು ಇನ್ನೊಂದು ಬದಿಗೆ ಕೈ ತಳ್ಳಿ ಅತ್ತರೆ ಅನುಮಾನಿಸಬೇಕು. ಹಾಗೆ ಆಗಲಿಲ್ಲವೆಂದು ನಿಶ್ಚಿಂತರಾಗಲಾಗದು. ಶಾಲೆಗೆ ಸೇರುವ ಮೊದಲೊಮ್ಮೆ ಪರೀಕ್ಷೆ ಮಾಡಿಸುವುದೇ ಸರಿ.

ಪೊರೆಯಂತಹ ಅಡ್ಡಿಯಿದ್ದರೆ ಮೊದಲು ಅದನ್ನು ನಿವಾರಿಸಬೇಕು. ಹುಟ್ಟಿನಿಂದಲೇ ಒಂದು ಕಣ್ಣಿನಲ್ಲಿ ದಟ್ಟ ಪೊರೆಯಿದ್ದರೆ ವಾರಗಳ ಲೆಕ್ಕದಲ್ಲೇ ಶಸ್ತ್ರಚಿಕಿತ್ಸೆಯಾಗಬೇಕು. ಆನಂತರ ಕನ್ನಡಕ, ಅದೂ ಎಚ್ಚರವಿರುವಷ್ಟು ಹೊತ್ತೂ. ಕೆಲವು ಮಕ್ಕಳಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಅಂಟಿಸಿ ದುರ್ಬಲ ಕಣ್ಣಿಗೆ ಕೆಲಸ ಕೊಡುತ್ತಾರೆ: ಮಧ್ಯಮ ಪ್ರಮಾಣದ್ದಕ್ಕೆ ದಿನಕ್ಕೆ ಸುಮಾರು 2 ಗಂಟೆ, ತೀವ್ರವಾದದ್ದಕ್ಕೆ 6 ಗಂಟೆ. ಪಟ್ಟಿಯನ್ನು ಚರ್ಮಕ್ಕೇ ಅಂಟಿಸಬೇಕು, ಕನ್ನಡಕದ ಗಾಜಿಗಲ್ಲ; ಇಲ್ಲವಾದರೆ ಮಗು ಚೌಕಟ್ಟಿನ ಅಂಚಿನಿಂದ ಇಣುಕಿ ನೋಡುತ್ತದೆ. ಪಟ್ಟಿಗೆ ಒಗ್ಗದ ಮಕ್ಕಳಿಗೆ ಒಳ್ಳೆಯ ಕಣ್ಣನ್ನು ತಾತ್ಕಾಲಿಕವಾಗಿ ಮಸುಕಾಗಿಸುವ ಅಟ್ರೋಪಿನ್ ಹನಿಗಳಿವೆ. ಅವಧಿಯನ್ನು ಮಾತ್ರ ವೈದ್ಯರೇ ನಿರ್ಧರಿಸಬೇಕು, ಅತಿಯಾದರೆ ಒಳ್ಳೆಯ ಕಣ್ಣೇ ಮಂಕಾಗಬಹುದು. ದೊಡ್ಡ ಮಕ್ಕಳಲ್ಲೂ ಸುಧಾರಣೆ ಕಂಡಿದೆಯಾದರೂ ಏಳರೊಳಗೆ ಸಿಗುವಷ್ಟು ಫಲ ಆಮೇಲೆ ಸಿಗುವುದು ಕಷ್ಟ. ಪಟ್ಟಿ ನಿಲ್ಲಿಸಿದ ಬಳಿಕ ದೃಷ್ಟಿ ಮತ್ತೆ ಕುಗ್ಗುವುದೂ ಉಂಟಾದ್ದರಿಂದ, ಮೊದಲ ವರ್ಷವಾದರೂ ತಪಾಸಣೆ ಬಿಡುವಂತಿಲ್ಲ.